ನಿಘಂಟು ಹಿಡಿದು ವಾದಕ್ಕೆ ನಿಂತಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕೋಲಾರದ ಕಡೆ ಮಾತು ಎಲ್ಲಿಂದ ಶುರುವಾದರೂ ನೀರಿಗೇ ಬಂದು ನಿಲ್ಲುತ್ತದೆ. ಕೆ.ಸಿ. ವ್ಯಾಲಿ ನೀರಿನ ವಿಷಯ ಬಂದರಂತೂ ವಾಟ್ಸಾಪ್‌ನಲ್ಲಿ ಜೋರು ವಾದ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಆ ನೀರಿನ ಬಗ್ಗೆ ಯಾರಾದರೂ ಅನುಮಾನ ಎತ್ತಿದರೆ ಸಾಕು, ಇನ್ಯಾರೋ ನಿಘಂಟಿನ ಪುಟದ ಫೋಟೊ ಹಾಕುತ್ತಾರೆ. “ಶುದ್ಧೀಕರಣ ಅಂದ್ರೆ ಕೊಳೆ ತೆಗೆಯೋದು. ಕೊಳೆ ತೆಗೆದ ಮೇಲೆ ಅದು ಶುದ್ಧ ನೀರು. ಮುಗೀತಲ್ಲ?”

ಎಲ್ಲಿ ಮುಗೀತು? ಈ ನೀರಿಗೆ ಮಾಡುವುದು ಎರಡು ಹಂತದ ಶುದ್ಧೀಕರಣ. ಮೂರನೇ ಹಂತವೂ ಆಗಲಿ ಅನ್ನುವುದು ಇಲ್ಲಿನ ಹೋರಾಟಗಾರರ ಹಳೆಯ ಬೇಡಿಕೆ. ಎರಡನೇ ಹಂತದಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ತಗ್ಗಿಸುತ್ತವೆ. ಆಮೇಲೂ ಸಾರಜನಕ, ರಂಜಕದಂಥವು ನೀರಿನಲ್ಲಿ ಉಳಿಯಬಹುದು. ಯಾವುದು ಎಷ್ಟು ಉಳಿದಿದೆ ಅಂತ ತಿಳಿಯಲು ಕೆರೆಯ ನೀರು ತೆಗೆದು ಪರೀಕ್ಷೆ ಮಾಡಿಸಬೇಕು. ಪುಟ ತಿರುವಿದರೆ ಸಿಗುವ ಉತ್ತರವಲ್ಲ ಅದು.

ನಿಘಂಟನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳದ್ದು. ಜಿ. ವೆಂಕಟಸುಬ್ಬಯ್ಯ ಮತ್ತು ಜೊತೆಯ ವಿದ್ವಾಂಸರು ಅದಕ್ಕಾಗಿ ದಶಕಗಳ ಕಾಲ ದುಡಿದರು. ಶಾಸನ, ಕಾವ್ಯಗಳನ್ನೆಲ್ಲ ಜಾಲಾಡಿ, ಯಾವ ಪದವನ್ನು ಯಾರು ಹೇಗೆ ಬಳಸಿದ್ದಾರೆ ಅಂತ ಹೆಕ್ಕಿ ಜೋಡಿಸಿದರು. ಒಂದೇ ಪದಕ್ಕೆ ನಾಲ್ಕಾರು ಅರ್ಥ ಸಿಗುವುದು ಅದಕ್ಕೇ. ಶುದ್ಧ ನೀರು, ಶುದ್ಧ ಬರಹ, ಶುದ್ಧ ಸುಳ್ಳು: ಮೂರರಲ್ಲೂ ಇರುವುದು ಅದೇ ಶುದ್ಧ, ಅಲ್ವಾ? ತನಗೆ ಬೇಕಾದ ಅರ್ಥ ಒಂದನ್ನೇ ಕತ್ತರಿಸಿ ಎದುರಿನವರ ಬಾಯಿ ಮುಚ್ಚಿಸುವುದು ಆ ದುಡಿಮೆಗೆ ಮಾಡುವ ಅವಮಾನ ಅಂತಲೇ ನನಗನಿಸುತ್ತದೆ.

ಇದಕ್ಕಿಂತ ಅಪಾಯದ ವಾದ ಇನ್ನೊಂದಿದೆ. “ಕೆರೆ ಅಂದ್ರೆ ನೀರು ನಿಲ್ಲೋ ಜಾಗ. ಇಲ್ಲಿ ನೀರು ನಿಂತು ಎಷ್ಟೋ ವರ್ಷ ಆಯ್ತು. ಹಾಗಾದ್ರೆ ಇದೆಂಥ ಕೆರೆ?” ಕೇಳಲು ಸರಿ ಅನಿಸುತ್ತದೆ. ಬರದ ಮೇಲೆ ಬರ ಕಂಡ ಈ ಸೀಮೆಯಲ್ಲಿ ಆ ಲೆಕ್ಕ ಹಿಡಿದರೆ ಎಷ್ಟು ಕೆರೆ ಉಳಿದಾವು? ಒತ್ತುವರಿ ಮಾಡುವವರಿಗೆ ಇಷ್ಟೇ ಬೇಕಾಗಿರುವುದು. ಕೆರೆ ಸಂರಕ್ಷಣೆಗೆ ಅಂತ 2014ರಲ್ಲಿ ನಮ್ಮ ರಾಜ್ಯ ತಂದ ಕಾಯ್ದೆ ಈ ಮಾತಿಗೆ ಜಾಗವನ್ನೇ ಕೊಟ್ಟಿಲ್ಲ. ನೀರು ಇರಲಿ, ಬಿಡಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಅಂತ ಇದ್ದರೆ ಅದು ಕೆರೆಯೇ. ರಾಜಕಾಲುವೆಯೂ ಅದರಲ್ಲಿ ಸೇರುತ್ತದೆ. ಕಾಯ್ದೆ ತನ್ನ ಕೆಲಸಕ್ಕೆ ಬೇಕಾದ ಅರ್ಥವನ್ನು ತಾನೇ ಬರೆದುಕೊಂಡಿದೆ.

ನಿಮ್ಮೂರಿನ ಕೆರೆಯ ಬಗ್ಗೆ ಇಂಥ ಮಾತು ಬಂದರೆ ನಿಘಂಟಿನ ಪುಟಕ್ಕೆ ಇನ್ನೊಂದು ಪುಟ ಹಾಕುತ್ತಾ ಕೂರಬೇಡಿ. ಆ ಸರ್ವೆ ನಂಬರಿನ ಪಹಣಿ ತೆಗೆಸಿ. ಗ್ರಾಮ ನಕ್ಷೆಯಲ್ಲಿ ಅಂಗಳ ಎಲ್ಲಿಯವರೆಗಿದೆ, ಕಾಲುವೆ ಎಲ್ಲಿ ಹಾದಿದೆ ನೋಡಿ. ಅದನ್ನು ಗುಂಪಿಗೆ ಹಾಕಿ, ಅಲ್ಲಿಂದ ಮಾತು ಮುಂದುವರಿಸಿ.

ನಮಸ್ಕಾರ.