ಕಳಿಸದ ಪತ್ರ: ಯಾರು ಬರೀಬೇಕು, ಯಾರು ಬರೀಬಾರದು

ಮೇಜಿನ ಮೇಲಿರೋದು ನಾಲ್ಕು ಬಿಡಿ ಹಾಳೆ, ಒಂದು ಪೆನ್ನು, ಒಂದು ಟೈಮರ್. ನೋಟ್‌ಬುಕ್ ಬೇಡ, ಮನೇಲಿ ತಮ್ಮನೋ ತಂಗಿಯೋ ತೆಗೆದು ಓದ್ತಾರೆ ಅನ್ನೋ ಭಯ ಇದ್ರೆ ಕೈ ಓಡಲ್ಲ. ಫೋನ್ ಪಕ್ಕದ ರೂಮಲ್ಲಿರಲಿ.

ಬ್ರೇಕಪ್ ಆದವರಿಗೆ "ಮನಸ್ಸಲ್ಲಿರೋದನ್ನೆಲ್ಲ ಬರೆದುಬಿಡು, ಹಗುರ ಆಗುತ್ತೆ" ಅಂತ ಎಲ್ಲರೂ ಹೇಳ್ತಾರೆ. ಎಷ್ಟು ಹೊತ್ತು, ಎಷ್ಟು ದಿನ, ಯಾರಿಗೆ ಇದು ಆಗಿಬರಲ್ಲ ಅಂತ ಮಾತ್ರ ಯಾರೂ ಹೇಳಲ್ಲ.

ಮನಸ್ಸಿನ ನೋವನ್ನ ಹೀಗೆ ಬರೆದು ಹೊರಹಾಕೋ ಪದ್ಧತಿಯ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್. 1986ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಬರೆದದ್ದು ದಿನಕ್ಕೆ 15 ನಿಮಿಷ, ಸತತ 4 ದಿನ. ಅಷ್ಟೇ. ವರ್ಷವಿಡೀ ಬರೆಯೋ ಡೈರಿ ಅಲ್ಲ ಇದು.

ಟೈಮರ್ ಹಾಕಿ, ದೂರವಾದವರಿಗೆ ಪತ್ರ ಬರೆಯೋ ಹಾಗೆ, ಪೆನ್ನು ಎತ್ತದೆ ಬರೀರಿ. ಕಾಗುಣಿತ ತಪ್ಪಲಿ, ಪರವಾಗಿಲ್ಲ. ಏನೂ ಹೊಳೀತಿಲ್ಲ ಅಂದ್ರೆ ಹಿಂದಿನ ಸಾಲನ್ನೇ ಮತ್ತೆ ಬರೀರಿ. ಯಾವುದಾದ್ರೂ ನೆನಪು ಕೈಮೀರುತ್ತೆ ಅನಿಸಿದ್ರೆ ಅದನ್ನ ಬಿಟ್ಟು ಬೇರೇದಕ್ಕೆ ಹೋಗಿ. ಬರೆದ ಮೇಲೆ ಒಂದೆರಡು ಗಂಟೆ ಮನಸ್ಸು ಇನ್ನೂ ಭಾರ ಆಗೋದು ಸಹಜ, ಅದಕ್ಕೇ ಮಲಗೋ ಮುಂಚೆ ಬರೀಬೇಡಿ. ಸಂಜೆ ಬರೆದು, ಒಂದು ಸುತ್ತು ನಡೆದು ಬನ್ನಿ.

ನಾಲ್ಕನೇ ದಿನ ಎಲ್ಲ ಹಾಳೆ ಜೋಡಿಸಿ ನೋಡಿ. ದಿನ ಕಳೆದ ಹಾಗೆ "ಯಾಕಂದ್ರೆ", "ಈಗ ಗೊತ್ತಾಗ್ತಿದೆ" ಅನ್ನೋ ಥರದ ಮಾತು ಹೆಚ್ಚಾದವರಿಗೆ ಉಪಯೋಗ ಜಾಸ್ತಿ ಅನ್ನೋದು ಪೆನ್ನೆಬೇಕರ್ ಕಂಡುಕೊಂಡಿದ್ದು. ಯಾರ ಬಗ್ಗೆ ಬರೀತಿದ್ದೀವಿ ಅನ್ನೋದೂ ಬದಲಾಗ್ತಿರಬೇಕು. ಕನ್ನಡದಲ್ಲಿ ಇದನ್ನ ಹಿಡಿಯೋದು ಸಲೀಸು, ಕ್ರಿಯಾಪದದ ಬಾಲ ನೋಡಿದ್ರೆ ಸಾಕು. ನಾಲ್ಕೂ ದಿನ "ಹೇಳಿದ, ಬಿಟ್ಟ, ಹೋದ" ಅಂತಲೇ ಇದ್ರೆ ಅದು ದೂರಿನ ಅರ್ಜಿ. ನಡುನಡುವೆ "ಸುಮ್ಮನಿದ್ದೆ, ಒಪ್ಕೊಂಡೆ" ಬರೋಕೆ ಶುರುವಾದ್ರೆ ಗಂಟು ಬಿಚ್ಚುತ್ತಿದೆ.

ಈಗ ಮುಖ್ಯವಾದ ಎಚ್ಚರಿಕೆ. ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಡೇವಿಡ್ ಸ್ಬಾರಾ ಮತ್ತು ಸಂಗಡಿಗರು ಸಂಗಾತಿಯಿಂದ ಆಗಷ್ಟೇ ಬೇರೆಯಾದ 90 ಜನರ ಮೇಲೆ ಇದೇ ಪದ್ಧತಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ರು. "ಯಾಕೆ ಹೀಗಾಯ್ತು" ಅಂತ ಮೊದಲೇ ತಲೇಲಿ ತಿರುವಿ ಹಾಕ್ತಿದ್ದವರು ಭಾವನೆ ಬರೆದಾಗ ಚೇತರಿಕೆ ಹಿಂದೆ ಬಿತ್ತು. ಅಂಥವರೇ ದಿನ ಹೇಗೆ ಕಳೆದ್ರು ಅಂತ ಮಾತ್ರ ಬರೆದಾಗ ಮೇಲಾಗಿದ್ರು. ಹಾಗಾಗಿ ಸ್ನಾನ ಮಾಡ್ವಾಗ, ಬಸ್ಸಲ್ಲಿ ಕೂತಾಗ ಅದೇ ಜಗಳ ಮತ್ತೆ ಮತ್ತೆ ಓಡ್ತಿರೋರು ಪತ್ರದ ಗೋಜಿಗೆ ಹೋಗಬೇಡಿ. "ಏಳೂವರೆಗೆ ಎದ್ದೆ, ಅವಲಕ್ಕಿ ತಿಂದೆ, ಬಟ್ಟೆ ಒಗೆದೆ" ಅಂತ ಬರೀರಿ. ಪೆದ್ದುಪೆದ್ದಾಗಿ ಕಾಣುತ್ತೆ, ನಿಜ. ಆದ್ರೂ ಆ ತಲೆಗೆ ಅದೇ ಮದ್ದು.

ಪತ್ರವನ್ನ ಕಳಿಸಬೇಡಿ. ಉತ್ತರ ಬಂದ್ರೆ ವಾದ ಶುರು, ಬರದಿದ್ರೆ ಕಾಯೋದು ಶುರು.

ಫೋನಲ್ಲಿ ಎರಡು ಕೆಲಸ. ವಾಟ್ಸಾಪ್‌ನ ಪ್ರೈವೆಸಿಯಲ್ಲಿ ನಿಮ್ಮ ಲಾಸ್ಟ್ ಸೀನ್ ಅವರೊಬ್ಬರಿಗೆ ಕಾಣದ ಹಾಗೆ ಮಾಡಿ, ಆಗ ಅವರದ್ದೂ ನಿಮಗೆ ಕಾಣಲ್ಲ. ಗೂಗಲ್ ಫೋಟೋಸ್‌ನ ಮೆಮೊರೀಸ್ ಸೆಟ್ಟಿಂಗ್‌ನಲ್ಲಿ ಅವರ ಮುಖ ಮರೆಮಾಡಿ. ಫೋಟೋ ಅಳಿಸೋ ಅವಸರ ಬೇಡ.

ವಾರಗಟ್ಟಲೆ ನಿದ್ದೆ, ಊಟ ಸೇರದಿದ್ರೆ, ಬದುಕೇ ಬೇಡ ಅನಿಸಿದ್ರೆ ಹಾಳೆ ಪಕ್ಕಕ್ಕಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದಿನದ 24 ಗಂಟೆ, ಉಚಿತ. ಕನ್ನಡದಲ್ಲೇ ಮಾತಾಡಬಹುದು.