ಒಂದೇ ಲೋಟ ಕಾಫಿಗೊಂದು ಯಂತ್ರ

ಕೇಳುಗರಿಗೆ ನಮಸ್ಕಾರ.

ಆರು ಜನರಿದ್ದ ಮನೆಯಲ್ಲಿ ದಿನಕ್ಕೆರಡು ಬಾರಿ ತುಂಬಿ ಇಳಿಯುತ್ತಿದ್ದ ದೊಡ್ಡ ಕಾಫಿ ಫಿಲ್ಟರು, ಮನೆಯಲ್ಲಿ ಒಬ್ಬರೇ ಉಳಿದ ದಿನದಿಂದ ಕೈಕೊಡಲು ತೊಡಗುತ್ತದೆ. ಪುಡಿ ಅದೇ, ನೀರು ಅದೇ, ಹಾಕುವ ಕೈಯೂ ಅದೇ. ಆದರೆ ಡಿಕಾಕ್ಷನ್ ಮಾತ್ರ ಬಣ್ಣದ ನೀರಿನಂತೆ ತೆಳ್ಳಗೆ ಇಳಿಯುತ್ತದೆ. ಅಗಲವಾದ ಪಾತ್ರೆಯಲ್ಲಿ ಎರಡು ಚಮಚ ಪುಡಿಯನ್ನು ಹರಡಿದಾಗ ಅದರ ಪದರ ತೀರ ತೆಳುವಾಗಿ, ಬಿಸಿನೀರು ಪುಡಿಯೊಡನೆ ನಿಲ್ಲದೆ ಸೋರಿಹೋಗುವುದೇ ಇದಕ್ಕೆ ಕಾರಣ. ಮಕ್ಕಳು ಊರು ಬಿಟ್ಟ ಮೇಲೆ ನನಗೂ ಇದೇ ಅನುಭವವಾಯಿತು. ಒಬ್ಬರಿಗೆ ಒಂದೇ ಲೋಟ ಕಾಫಿಯನ್ನು ಮಾಡಿಕೊಡುವ ಸಾಧನಗಳನ್ನು ಕುರಿತು ನಾನು ವಿಚಾರಿಸತೊಡಗಿದ್ದು ಆಗಲೇ.

ಯಂತ್ರದ ಬೆಲೆಯನ್ನು ಕೇಳುವ ಮೊದಲು ನಮ್ಮ ಲೋಟದೊಳಗೆ ಏನಿರುತ್ತದೆ ಎಂಬುದನ್ನು ನೋಡಿಕೊಳ್ಳಬೇಕು. ನಮ್ಮ ಮನೆಗಳ ಕಾಫಿಯೆಂದರೆ ಸುಮಾರು 40ರಿಂದ 50 ಮಿಲಿಲೀಟರ್ ಗಟ್ಟಿ ಡಿಕಾಕ್ಷನ್, ಅದರ ಎರಡರಷ್ಟು ಕಾದ ಹಾಲು, ಬೇಕಾದವರಿಗೆ ಸಕ್ಕರೆ. ಹಾಲನ್ನು ಹೊತ್ತು ನಿಲ್ಲಬಲ್ಲ ಗಟ್ಟಿತನವನ್ನು ಕೊಡದ ಯಂತ್ರ, ಎಷ್ಟೇ ಥಳಥಳಿಸಿದರೂ, ನಮ್ಮ ಪಾಲಿಗೆ ನೀರು ಕಾಯಿಸುವ ಪಾತ್ರೆಯೇ ಸರಿ.

ಈ ಮಾತನ್ನು ಹೇಳಲು ಕಾರಣವಿದೆ. ಒಂದೊಂದೇ ಲೋಟ ಮಾಡುವ ಯಂತ್ರಗಳಲ್ಲಿ ಎರಡು ಕುಲಗಳಿವೆ; ಅಂಗಡಿಯ ಕಪಾಟಿನಲ್ಲಿ ಅವು ಅಣ್ಣತಮ್ಮಂದಿರಂತೆ ಕಂಡರೂ ಲೋಟದಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಅಮೆರಿಕದ ಕ್ಯೂರಿಗ್ ಕಂಪನಿ 1998ರಲ್ಲಿ ಮೊದಲು ಕಚೇರಿಗಳಿಗಾಗಿ, ಆಮೇಲೆ ಮನೆಗಳಿಗಾಗಿ ತಂದ ಯಂತ್ರ, ಸುಮಾರು 10 ಗ್ರಾಂ ಪುಡಿಯಿರುವ ಪ್ಲಾಸ್ಟಿಕ್ ಬಟ್ಟಲಿನ ಮೂಲಕ 180ರಿಂದ 300 ಮಿಲಿಲೀಟರ್ ಬಿಸಿನೀರನ್ನು ಹಾಯಿಸುತ್ತದೆ. ದೊಡ್ಡ ಮಗ್ಗಿನ ತುಂಬ ಕರಿ ಕಾಫಿಯನ್ನು ಹಿಡಿದು ಗಂಟೆಗಟ್ಟಲೆ ಗುಟುಕರಿಸುವ ಆ ನಾಡಿನ ಅಭ್ಯಾಸಕ್ಕೆ ಅದು ಸರಿಯಾಗಿಯೇ ಇದೆ. ಅದಕ್ಕೆ ನಾವು ಹಾಲನ್ನು ಸುರಿದೆವೋ, ಕಾಫಿಯ ಹೆಸರಷ್ಟೇ ಉಳಿಯುತ್ತದೆ. ಇನ್ನೊಂದು ಕುಲ ಯುರೋಪಿನದು. ಸ್ವಿಟ್ಜರ್ಲೆಂಡಿನ ನೆಸ್ಲೆ ಸಂಸ್ಥೆಯ ಎಂಜಿನಿಯರ್ ಎರಿಕ್ ಫಾವ್ರ್ 1970ರ ದಶಕದಲ್ಲಿ ರೂಪಿಸಿದ, 1986ರಲ್ಲಿ ನೆಸ್ಪ್ರೆಸೊ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯಲ್ಲಿ, 5-6 ಗ್ರಾಂ ಪುಡಿಯಿರುವ ಅಲ್ಯೂಮಿನಿಯಂ ಕ್ಯಾಪ್ಸೂಲಿನೊಳಗೆ ಪಂಪು ನೀರನ್ನು ಬಲವಾಗಿ ಒತ್ತಿ ನುಗ್ಗಿಸಿ, 40 ಮಿಲಿಲೀಟರಿನಷ್ಟು ಎಸ್‌ಪ್ರೆಸೊ ಎಂಬ ಗಟ್ಟಿ ಕಾಫಿಯನ್ನು ಇಳಿಸುತ್ತದೆ. ನಮ್ಮ ಡಿಕಾಕ್ಷನ್ನಿಗೆ ಹತ್ತಿರದ ನೆಂಟನೆಂದರೆ ಇದೇ. ಪೆಟ್ಟಿಗೆಯ ಮೇಲೆ 15 ಬಾರ್, 19 ಬಾರ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವ ಒತ್ತಡದ ಅಂಕಿಗೆ ಮಾರುಹೋಗಬೇಕಾಗಿಲ್ಲ. ಅದು ಪಂಪಿನ ಗರಿಷ್ಠ ಶಕ್ತಿ; ಒಳ್ಳೆಯ ಎಸ್‌ಪ್ರೆಸೊಗೆ ಪುಡಿಯ ಮೇಲೆ ಸುಮಾರು 9 ಬಾರ್ ಒತ್ತಡ ಬಿದ್ದರೆ ಸಾಕು.

ನೆಂಟನಾದರೂ ಇವನು ಸ್ವಲ್ಪ ಬಡಕಲು. ನಾವು ಫಿಲ್ಟರಿನಲ್ಲಿ ಒಬ್ಬರಿಗೆ 15 ಗ್ರಾಂ ಪುಡಿ ಹಾಕುವವರು. ಕ್ಯಾಪ್ಸೂಲಿನಲ್ಲಿರುವುದು ಅದರ ಮೂರರಲ್ಲೊಂದು ಪಾಲು. ಆದ್ದರಿಂದ ಒಂದು ಕ್ಯಾಪ್ಸೂಲಿಗೆ 70-80 ಮಿಲಿಲೀಟರಿಗಿಂತ ಹೆಚ್ಚು ಹಾಲು ಹಾಕಿದರೆ ಕಾಫಿ ಪೇಲವವಾಗುತ್ತದೆ. ತುಂಬಿದ ಲೋಟವೇ ಬೇಕೆನ್ನುವವರಿಗೆ ಎರಡು ಕ್ಯಾಪ್ಸೂಲು ಬೇಕು, ಆಗ ಲೆಕ್ಕಕ್ಕೆ ಕುಳಿತುಕೊಳ್ಳಬೇಕಾಗುತ್ತದೆ. ಕ್ಯಾಪ್ಸೂಲಿಗೆ 40 ರೂಪಾಯಿ ಎಂದಿಟ್ಟುಕೊಂಡರೂ, ಒಳಗಿನ 5 ಗ್ರಾಂ ಪುಡಿಗೆ ನಾವು ಕೊಟ್ಟದ್ದು ಕಿಲೋಗೆ 8,000 ರೂಪಾಯಿಯ ದರ. ದಿನಕ್ಕೆ ಎರಡು ಲೋಟ, ಲೋಟಕ್ಕೆ ಎರಡು ಕ್ಯಾಪ್ಸೂಲೆಂದರೆ ತಿಂಗಳಿಗೆ 4,800 ರೂಪಾಯಿ. ಯಂತ್ರದ ಬೆಲೆಯನ್ನು ಒಮ್ಮೆ ಕೊಟ್ಟು ಮರೆಯಬಹುದು, ಕ್ಯಾಪ್ಸೂಲಿನ ಬೆಲೆಯನ್ನು ಮರೆಯಲಾಗದು. ಯಂತ್ರಕ್ಕೆ ಹೊಂದುವ ಕ್ಯಾಪ್ಸೂಲು ತಮ್ಮ ಊರಿನಲ್ಲಿ ಸಿಗುತ್ತದೆಯೇ, ಅದನ್ನು ಒಂದೇ ಕಂಪನಿ ಮಾಡುತ್ತದೆಯೋ ಹಲವರು ಮಾಡುತ್ತಾರೋ ಎಂಬುದನ್ನು ಕೊಳ್ಳುವ ಮುನ್ನವೇ ವಿಚಾರಿಸುವುದು ಒಳ್ಳೆಯದು.

ಮತ್ತೆ ಮತ್ತೆ ತುಂಬಿಸಬಹುದಾದ ಸ್ಟೀಲಿನ ಕ್ಯಾಪ್ಸೂಲುಗಳೂ ದೊರೆಯುತ್ತವೆ. ನಾನೂ ಒಂದನ್ನು ಕೊಂಡು, ಕಾಫಿಪುಡಿ ಅಂಗಡಿಯಿಂದ ವಾಡಿಕೆಯಂತೆ ತಂದಿದ್ದ ಚಿಕೋರಿ ಬೆರೆತ ಪುಡಿಯನ್ನು ಅದರಲ್ಲಿ ತುಂಬಿದೆ. ಯಂತ್ರ ಏದುಸಿರು ಬಿಟ್ಟಿತೇ ಹೊರತು ಕಾಫಿ ಇಳಿಯಲಿಲ್ಲ. ಚಿಕೋರಿ ನೀರನ್ನು ಹೀರಿ ಮೆತ್ತಗಾಗಿ ನೀರಿನ ದಾರಿಯನ್ನು ಕಟ್ಟುತ್ತದೆ; ಫಿಲ್ಟರಿನಲ್ಲಿ ಡಿಕಾಕ್ಷನ್ ನಿಧಾನವಾಗಿ, ಗಟ್ಟಿಯಾಗಿ ಇಳಿಯಲು ನೆರವಾಗುವ ಗುಣವೇ ಇಲ್ಲಿ ಮುಳುವಾಗುತ್ತದೆ. ಇಂಥ ಕ್ಯಾಪ್ಸೂಲಿಗೆ ಚಿಕೋರಿಯಿಲ್ಲದ ಪುಡಿಯನ್ನು ಒಂದು ಹದ ತರಿಯಾಗಿ ಬೀಸಿಸಿಕೊಂಡು ಬರಬೇಕು. ಹಾಗೆ ಮಾಡಿದಾಗ ಚಿಕೋರಿಯ ಬಣ್ಣಕ್ಕೂ ಕಹಿಗೂ ಒಗ್ಗಿದ ನಾಲಗೆಗೆ ಮೊದಮೊದಲು ಏನೋ ಕಡಿಮೆಯಾದಂತೆ ತೋರುವುದು ಸಹಜ.

ವಿದೇಶದಿಂದ ಉಡುಗೊರೆಯಾಗಿ ಬರುವ ಯಂತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮಗಳು ಅಮೆರಿಕದಿಂದ ಹೊತ್ತು ತಂದ ಯಂತ್ರವನ್ನು, ತಳದಲ್ಲಿ ಅಂಟಿಸಿದ್ದ ಚೀಟಿಯನ್ನು ಓದದೆ, ಪಿನ್ನು ಬದಲಿಸುವ ಅಡಾಪ್ಟರಿಗೆ ಸಿಕ್ಕಿಸಿ ನಾನು ಸ್ವಿಚ್ಚು ಒತ್ತಿದೆ. ಅಡುಗೆಮನೆಯಲ್ಲಿ ಸುಟ್ಟ ವಾಸನೆ ಎರಡು ದಿನ ಉಳಿಯಿತು. ಅಲ್ಲಿಯ ವಿದ್ಯುತ್ತು 120 ವೋಲ್ಟ್, ನಮ್ಮದು 230. ನೀರು ಕಾಯಿಸುವ ಸುರುಳಿಗೆ ವೋಲ್ಟೇಜು ಸುಮಾರು ಎರಡರಷ್ಟಾದರೆ ಶಾಖ ಎರಡರಷ್ಟಾಗುವುದಿಲ್ಲ, ಮೂರೂವರೆ ಪಟ್ಟನ್ನೂ ಮೀರುತ್ತದೆ. 1,500 ವಾಟಿನ ಯಂತ್ರ 5,500 ವಾಟನ್ನು ಎಳೆಯಲು ಹೋಗಿ ಸುಟ್ಟುಹೋಗುತ್ತದೆ. ಅಡಾಪ್ಟರು ಪಿನ್ನಿನ ಆಕಾರವನ್ನು ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬಹುದಾದರೂ ಇಷ್ಟು ಭಾರವನ್ನು ತಾಳುವ ಟ್ರಾನ್ಸ್‌ಫಾರ್ಮರು ಯಂತ್ರಕ್ಕಿಂತ ತೂಕವಾಗಿರುತ್ತದೆ. ಇಲ್ಲಿಯೇ ಕೊಂಡ ಯಂತ್ರವಾದರೂ 1,400 ವಾಟಿನ ಆಸುಪಾಸಿನದಾಗಿದ್ದರೆ ಅದನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಸಿಕ್ಕಿಸದೆ 16 ಆಂಪಿಯರಿನ ಸಾಕೆಟ್ಟಿಗೆ ಸಿಕ್ಕಿಸಬೇಕು. ಕರೆಂಟು ಹೋದಾಗ ಮನೆಯ ಸಾಮಾನ್ಯ ಯುಪಿಎಸ್ ಇದನ್ನು ನಡೆಸಲಾರದು.

ಕರೆಂಟಿನ ಹಂಗೇ ಬೇಡವೆನ್ನುವವರಿಗೆ ಇಟಲಿಯ ಮೋಕಾ ಪಾಟ್ ಇದೆ. 1933ರಿಂದ ಅಲ್ಲಿ ಬಿಯಾಲೆಟ್ಟಿ ಎಂಬ ಹೆಸರಿನೊಂದಿಗೆ ಬೆಳೆದುಬಂದ ಈ ಎಂಟು ಮುಖದ ಅಲ್ಯೂಮಿನಿಯಂ ಪಾತ್ರೆಯ ಕೆಳಭಾಗದಲ್ಲಿ ನೀರು ಕಾದು, ಹಬೆಯ ಒತ್ತಡಕ್ಕೆ ಮೇಲೇರಿ, ಪುಡಿಯನ್ನು ಹಾಯ್ದು ಮೇಲಿನ ಹೂಜಿಗೆ ಉಕ್ಕುತ್ತದೆ. ಒಬ್ಬರ ಅಳತೆಯ ಪಾತ್ರೆ 50 ಮಿಲಿಲೀಟರಿನಷ್ಟು ಕೊಡುತ್ತದೆ. ನೀರು ಕೆಳಭಾಗದ ಬದಿಯಲ್ಲಿರುವ, ಹೆಚ್ಚಿನ ಹಬೆಯನ್ನು ಬಿಡುವ ಕವಾಟದ ಮಟ್ಟಕ್ಕಿಂತ ಕೆಳಗಿರಬೇಕು, ಪುಡಿಯನ್ನು ಒತ್ತಬಾರದು, ಉರಿ ಸಣ್ಣದಿರಬೇಕು, ಗೊರಗೊರ ಸದ್ದು ಕೇಳಿದೊಡನೆ ಇಳಿಸಬೇಕು. ತಡಮಾಡಿದರೆ ಕಮಟು ಕಹಿ ಇಳಿಯುತ್ತದೆ. ತೊಂದರೆಯೆಂದರೆ, ಇಷ್ಟು ಪುಟ್ಟ ಪಾತ್ರೆ ನಮ್ಮ ಗ್ಯಾಸ್ ಒಲೆಯ ಕಂಬಿಗಳ ನಡುವೆ ವಾಲಿ ಬೀಳುತ್ತದೆ, ಅದಕ್ಕೊಂದು ಸಣ್ಣ ಜಾಲರಿ ಬೇಕು; ಅಲ್ಯೂಮಿನಿಯಂ ಆದ್ದರಿಂದ ಇಂಡಕ್ಷನ್ ಒಲೆಯ ಮೇಲೆ ಕಾಯುವುದೂ ಇಲ್ಲ. ಕಾಗದದ ಸೋಸುಗಗಳಿಂದ ಮಾಡುವ ಕಾಫಿ ಹಾಲಿಲ್ಲದೆ ಕುಡಿಯುವವರಿಗೆ ಸೊಗಸು, ನಮಗಲ್ಲ. 2005ರಲ್ಲಿ ಬಂದ ಏರೋಪ್ರೆಸ್ ಎಂಬ ಕೈಯೊತ್ತಿನ ಕೊಳವೆ ಮಾತ್ರ ಇದಕ್ಕೆ ಹೊರತು. ಅದರಲ್ಲಿ ನೀರನ್ನು ಕಡಿಮೆ ಹಾಕಿ ಗಟ್ಟಿಯಾಗಿ ಇಳಿಸಿಕೊಳ್ಳಬಹುದು, ಪ್ರಯಾಣಕ್ಕೆ ಹಗುರ.

ಇಷ್ಟೆಲ್ಲ ಸುತ್ತಿದ ಮೇಲೂ ನನ್ನ ಬೆಳಗಿನ ಕಾಫಿಯನ್ನು ನಾನು ಒಪ್ಪಿಸಿರುವುದು ಪಾತ್ರೆ ಅಂಗಡಿಯಲ್ಲಿ ಸಿಗುವ ಅತ್ಯಂತ ಚಿಕ್ಕ ಸ್ಟೀಲ್ ಫಿಲ್ಟರಿಗೆ. ಅದರ ಕಿರಿದಾದ ಬಾಯಿಗೆ 15 ಗ್ರಾಂ ಪುಡಿ ಹಾಕಿದರೆ ಪದರ ದಪ್ಪವಾಗಿ ನಿಲ್ಲುತ್ತದೆ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ, 80 ಮಿಲಿಲೀಟರ್ ನೀರು ಹಾಕಿದರೆ 50 ಮಿಲಿಲೀಟರ್ ಡಿಕಾಕ್ಷನ್ ಕೈಗೆ ಬರುತ್ತದೆ. ಇದಕ್ಕೆ ಕಾಲು ಗಂಟೆಯಾದರೂ ಬೇಕು. ಆ ಕಾಲು ಗಂಟೆಯಿಲ್ಲದ ಹೊತ್ತಿಗೆ, ಮಧ್ಯಾಹ್ನ ಅನಿರೀಕ್ಷಿತವಾಗಿ ಬಂದವರಿಗೆ, ಕ್ಯಾಪ್ಸೂಲಿನ ಯಂತ್ರ.

ಆ ಯಂತ್ರವನ್ನು ಬಳಸುವಾಗ ಮೊದಲು ಕ್ಯಾಪ್ಸೂಲಿಲ್ಲದೆ ಒಮ್ಮೆ ಬರೀ ನೀರು ಹಾಯಿಸಿ, ಆ ನೀರಿನಿಂದಲೇ ಲೋಟವನ್ನು ಬೆಚ್ಚಗೆ ಮಾಡಿಕೊಳ್ಳಿ. 40 ಮಿಲಿಲೀಟರ್ ಕಾಫಿ ತಣ್ಣನೆಯ ಸ್ಟೀಲ್ ಲೋಟಕ್ಕೆ ಬಿದ್ದರೆ ಬಿಸಿ ಅಲ್ಲಿಯೇ ಅರ್ಧ ಕರಗುತ್ತದೆ. ಬಳಸಿದ ಕ್ಯಾಪ್ಸೂಲಿನ ಗಷ್ಟನ್ನು ಕೆರೆದು ಹಸಿ ಕಸಕ್ಕೋ ಕರಿಬೇವಿನ ಕುಂಡಕ್ಕೋ ಹಾಕಿ, ತೊಳೆದ ಅಲ್ಯೂಮಿನಿಯಮ್ಮನ್ನು ಒಣ ಕಸಕ್ಕೆ ಹಾಕಬೇಕು. ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತ 2016ರಲ್ಲಿ ಸರ್ಕಾರಿ ಹಣದಿಂದ ಕಾಫಿ ಕ್ಯಾಪ್ಸೂಲುಗಳನ್ನು ಕೊಳ್ಳಬಾರದೆಂದು ನಿಯಮ ಮಾಡಿದ್ದು ಈ ಕಸದ ಕಾರಣಕ್ಕಾಗಿಯೇ.

ಕೊನೆಯದು ನೀರಿನ ವಿಚಾರ. ಕೊಳವೆಬಾವಿಯ ಗಡಸು ನೀರನ್ನು ಹಾಕುವ ಮನೆಗಳಲ್ಲಿ ಯಂತ್ರದ ಒಳಗಿನ ಸಪೂರ ಕೊಳವೆಗಳಿಗೆ ಕೆಲವೇ ತಿಂಗಳಲ್ಲಿ ಸುಣ್ಣದ ಪರೆ ಕಟ್ಟುತ್ತದೆ. ಕಾಫಿ ನಿಧಾನವಾಗಿ, ಉಗುರುಬೆಚ್ಚಗೆ ಇಳಿಯತೊಡಗಿದರೆ ಅದೇ ಅದರ ಸೂಚನೆ. ಶುದ್ಧೀಕರಿಸಿದ ನೀರನ್ನೇ ಹಾಕಿ, ಕೈಪಿಡಿಯಲ್ಲಿ ಹೇಳಿದ ದ್ರಾವಣದಿಂದ ಎರಡು-ಮೂರು ತಿಂಗಳಿಗೊಮ್ಮೆ ಪರೆಯನ್ನು ತೆಗೆಯಬೇಕು. ಈ ದ್ರಾವಣಗಳು ಹುಳಿಯ ಗುಣದವು. ಅದಾದ ಮೇಲೆ ಯಂತ್ರದ ನೀರಿನ ತೊಟ್ಟಿಯನ್ನು ಎರಡು ಸಲ ತುಂಬಿ ಬರೀ ನೀರನ್ನು ಹಾಯಿಸಿ ಚೆಲ್ಲದಿದ್ದರೆ, ಮುಂದಿನ ಲೋಟದ ಹಾಲು ಕಣ್ಣೆದುರೇ ಒಡೆಯುತ್ತದೆ. ಒಂದೇ ತೊಟ್ಟಿ ಸಾಕೆಂದುಕೊಂಡ ದಿನ ನನ್ನ ಲೋಟದಲ್ಲಿ ಆದದ್ದು ಅದೇ.