ಡಯಾಪರ್ ಒಣಗಿದೆ ಅಂತ ಖುಷಿಪಡೋ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ. ಬೆನ್ನುಹುರಿ ಸರಿಯಾಗಿ ಮುಚ್ಕೊಳ್ಳದೇ ಹುಟ್ಟೋ ಮಕ್ಕಳಿರ್ತಾರಲ್ಲ, ಸ್ಪೈನಾ ಬೈಫಿಡಾ ಅಂತಾರೆ, ಅಂಥ ಮಗು ಹುಟ್ಟಿದ ಮನೇಲಿ ಎಲ್ಲರ ಕಣ್ಣೂ ಕಾಲಿನ ಮೇಲೇ, ನಡೆಯುತ್ತಾ ಇಲ್ವಾ ಅಂತ. ಮೂತ್ರಕೋಶದ ಕಡೆ ಗಮನ ಹೋಗೋದೇ ಇಲ್ಲ, ಸದ್ದಿಲ್ಲದೆ ಕಿಡ್ನಿಗೆ ಕುತ್ತು ತರೋದು ಮಾತ್ರ ಅದೇ.

ಮೂತ್ರಕೋಶದ ಚೀಲ ಹಿಂಡುವಾಗ ಅದರ ಕೆಳಗಿನ ಬಾಯಿ ಸಡಿಲ ಆಗ್ಬೇಕು, ಅಲ್ವಾ? ನರದ ಹೇಳಿಕೆ ತಪ್ಪಿದ್ರೆ ಚೀಲ ಹಿಂಡ್ತಾ ಇರತ್ತೆ, ಬಾಯಿ ಬಿಗಿಯಾಗೇ ಇರತ್ತೆ, ಒಳಗೆ ಒತ್ತಡ ಏರಿ ಮೂತ್ರ ವಾಪಸ್ ಕಿಡ್ನಿ ಕಡೆ ಹತ್ತಬಹುದು. ಸದಾ ಸೋರೋ ಮಗೂಗೆ ಎಷ್ಟೋ ಸಲ ಆ ಒತ್ತಡ ಅಲ್ಲಲ್ಲೇ ಇಳೀತಾ ಇರತ್ತೆ, ಗಂಟೆಗಟ್ಲೆ ಒಣಗಿರೋ ಡಯಾಪರ್ ನೋಡಿದ್ರೇನೇ ನಂಗೆ ಭಯ.

ಹುಟ್ಟಿದ ಮೊದಲ ದಿನಗಳಲ್ಲೇ ಸ್ಕ್ಯಾನ್ ಮಾಡ್ತಾರೆ, ಕಿಡ್ನಿ ಊದಿದ್ಯಾ, ಉಚ್ಚೆ ಹೊಯ್ದ ಮೇಲೂ ಎಷ್ಟು ಉಳೀತು ಅಂತ. ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತಿಳಿಸೋ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗ್ಲೇ ಮಾಡಿದ್ರೆ ತಾಯಿಯ ಲೆಕ್ಕಾನೇ ತೋರಿಸತ್ತೆ, ಒಂದು ವಾರ ಕಾಯ್ಬೇಕು. ಹೆಚ್ಚಿನ ಮಕ್ಕಳಿಗೆ ಹುಟ್ಟುವಾಗ ಕಿಡ್ನಿ ಚೆನ್ನಾಗೇ ಇರತ್ತೆ, ಕೆಡೋದು ಆಮೇಲೆ.

ಬೆನ್ನು ಮುಚ್ಚೋ ಆಪರೇಷನ್ ಗಾಯ ಮಾಗಿ, ಸುಮಾರು 3 ತಿಂಗಳ ಹೊತ್ತಿಗೆ ಯೂರೋಡೈನಾಮಿಕ್ಸ್, ಅಂದ್ರೆ ಮೂತ್ರಕೋಶದ ಒಳಗಿನ ಒತ್ತಡ ಅಳೆಯೋ ಪರೀಕ್ಷೆ. ಸಣ್ಣ ಟ್ಯೂಬ್ ಒಂದು ಮೂತ್ರಕೋಶಕ್ಕೆ, ಇನ್ನೊಂದು ಗುದದ್ವಾರಕ್ಕೆ. ಅದ್ಯಾಕೆ ಅಲ್ಲಿ ಅಂತ ಅಪ್ಪ ಅಮ್ಮಂದಿರು ಕೇಳೇ ಕೇಳ್ತಾರೆ. ಮಗು ಅಳುವಾಗ ಹೊಟ್ಟೆ ಬಿಗಿಯಾಗಿ ಒತ್ತಡ ಏರತ್ತಲ್ಲ, ಅದನ್ನ ಕಳೆದು ಮೂತ್ರಕೋಶದ್ದಷ್ಟೇ ಉಳಿಸ್ಕೊಳ್ಳೋಕೆ. ಸಲೈನ್ ನಿಧಾನಕ್ಕೆ ತುಂಬಿಸ್ತಾ ಎಷ್ಟು ಒತ್ತಡಕ್ಕೆ ಸೋರತ್ತೆ ಅಂತ ನೋಡ್ತಾರೆ, 40 ಸೆಂಟಿಮೀಟರ್ ನೀರಿನ ಒತ್ತಡ ದಾಟಿದ ಮೇಲೇ ಸೋರ್ತಿದ್ರೆ ಕಿಡ್ನಿಗೆ ಅಪಾಯ ಜಾಸ್ತಿ. ಸ್ವಲ್ಪ ದೊಡ್ಡವರಾದ್ರೆ ಮೂತ್ರಕೋಶ ಎಷ್ಟು ಹಿಡೀಬೇಕು ಅನ್ನೋಕೆ ಒಂದು ಲೆಕ್ಕ ಇದೆ, ವಯಸ್ಸಿಗೆ 1 ಕೂಡಿಸಿ 30ರಿಂದ ಗುಣಿಸಿ, 5 ವರ್ಷಕ್ಕೆ 180 ಎಂಎಲ್.

ಹಾಂ, ಮರೆತೆ, ಈ ಮಕ್ಕಳಿಗೆ ಲ್ಯಾಟೆಕ್ಸ್ ರಬ್ಬರ್ ಅಲರ್ಜಿ ಜಾಸ್ತಿ, ಗ್ಲೌಸು ಟ್ಯೂಬು ಮುಟ್ಟೋ ಮುಂಚೇನೇ ಹೇಳ್ಬಿಡಿ. ಮಲಬದ್ಧತೆ ಇದ್ರೂ ಹೇಳಿ, ತುಂಬಿದ ಕರುಳು ಮೂತ್ರಕೋಶನ ಒತ್ತಿ ರಿಪೋರ್ಟೇ ಏರುಪೇರು ಮಾಡತ್ತೆ.

ಒಂದ್ಸಲ ರಿಪೋರ್ಟ್ ಚೆನ್ನಾಗಿ ಬಂತು ಅಂತ ಫೈಲ್ ಮುಚ್ಚಿಡೋ ಹಾಗಿಲ್ಲ, ಮಗು ಎತ್ತರ ಬೆಳೆದ ಹಾಗೆ, ಆಪರೇಷನ್ ಆದ ಜಾಗದಲ್ಲಿ ಅಂಟಿಕೊಂಡಿರೋ ಬೆನ್ನುಹುರಿ ಎಳೆದ ಹಾಗಾಗ್ಬಹುದು. ಒಣಗಿರ್ತಿದ್ದ ಮಗು ಮತ್ತೆ ಒದ್ದೆ ಮಾಡ್ಕೊಳ್ಳೋಕೆ ಶುರು ಮಾಡಿದ್ರೆ, ನಡಿಗೆ ಬದಲಾದ್ರೆ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯ್ಬೇಡಿ, ಅದೇ ವಾರ ತೋರಿಸಿ. ನಮಸ್ಕಾರ.